ಲೀಗಲ್, ಲಾಫುಲ್, ಲೆಜಿಟಿಮೇಟ್: ಅರ್ಥವ್ಯತ್ಯಾಸ ಮತ್ತು ಬೋಧನೆ

ಇಂಗ್ಲಿಷಿನ ‘ಲೀಗಲ್’, ‘ಲಾಫುಲ್’, ‘ಲೆಜಿಟಿಮೇಟ್’ ಎಂಬ ಮೂರು ಪದಗಳಿಗೂ ವಿದ್ಯಾರ್ಥಿಗಳು ‘ಕಾನೂನುಬದ್ಧ’ ಎಂದೇ ಅರ್ಥ ಬರೆದುಕೊಳ್ಳುವುದು ರೂಢಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ದೊರೆತೀತು; ಅರ್ಜಿ, ಕರಾರು, ವಾರ್ತಾಪತ್ರಿಕೆಗಳ ಭಾಷೆಯಲ್ಲಿ ಅದು ಸಾಲದು. ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ತೆಲುಗಿನಲ್ಲಿ ಕಾನೂನಿಗೆ ‘ಚಟ್ಟಂ’ ಎನ್ನುತ್ತಾರೆ. ಸುತ್ತಮುತ್ತ ಕೇಳಿಬರುವ ಈ ಪದವನ್ನು ಮಗು ಅನುಸ್ವಾರ ಬಿಟ್ಟು ಕನ್ನಡದಲ್ಲಿ ಬರೆದರೆ ‘ಚಟ್ಟ’ವಾಗುತ್ತದೆ, ಕನ್ನಡದಲ್ಲಿ ಚಟ್ಟವೆಂದರೆ ಶವವನ್ನು ಹೊರುವ ಬಿದಿರಿನ ಕಟ್ಟು. ಇಂತಹ ತಪ್ಪಿಗೆ ನಗುವುದಕ್ಕಿಂತ ಎರಡೂ ಭಾಷೆಗಳ ಪದಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸುವುದು ಲೇಸು.

‘ಲೀಗಲ್’ ಎಂಬುದು ಲ್ಯಾಟಿನ್ನಿನ ‘ಲೆಕ್ಸ್’ ಮೂಲದಿಂದ ಬಂದ ಪದ. ಕಾನೂನಿಗೆ ಸಂಬಂಧಿಸಿದ್ದು ಎಂಬುದು ಅದರ ಒಂದು ಅರ್ಥ, ಕಾನೂನು ಅನುಮತಿಸಿದ್ದು ಎಂಬುದು ಇನ್ನೊಂದು. ‘ಲೀಗಲ್ ಅಡ್ವೈಸ್’ ಎಂದರೆ ಕಾನೂನು ಸಲಹೆ. ‘ಕಾನೂನುಬದ್ಧ ಸಲಹೆ’ ಎಂದರೆ ಅರ್ಥ ಕೆಡುತ್ತದೆ. ಅಲ್ಲಿ ‘ಲಾಫುಲ್’ ಸಲ್ಲದು, ಏಕೆಂದರೆ ಆ ಪದಕ್ಕಿರುವುದು ಎರಡನೆಯ ಅರ್ಥ ಮಾತ್ರ. ಆದರೆ ಅದರ ಹರವು ಕೆಲವೊಮ್ಮೆ ಕಾನೂನಿನ ಅಕ್ಷರವನ್ನೂ ಮೀರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಕರಾರಿನ ಉದ್ದೇಶ ‘ಲಾಫುಲ್’ ಆಗಿರಬೇಕು. ಕಾನೂನು ನಿಷೇಧಿಸಿದ ಉದ್ದೇಶ ಹಾಗಲ್ಲವೆಂಬುದು ಸರಿಯಷ್ಟೆ; ನ್ಯಾಯಾಲಯವು ಅನೈತಿಕವೆಂದು ಅಥವಾ ಸಾರ್ವಜನಿಕ ನೀತಿಗೆ ವಿರುದ್ಧವೆಂದು ಭಾವಿಸಿದ ಉದ್ದೇಶವೂ ‘ಲಾಫುಲ್’ ಅಲ್ಲವೆಂದು ಅದರ 23ನೆಯ ಪ್ರಕರಣ ಹೇಳುತ್ತದೆ.

‘ಲೆಜಿಟಿಮೇಟ್’ ಪದವೂ ಅದೇ ಲ್ಯಾಟಿನ್ ಮೂಲದ್ದು. ಆದರೆ ಇಂದು ಅದರ ಬಲ ಕಾನೂನಿಗಿಂತ ನ್ಯಾಯದಲ್ಲಿ, ಸಕಾರಣತೆಯಲ್ಲಿದೆ. ನೇಮಕಲ್ಲಿನಲ್ಲಿ ಪಾಠ ಮಾಡುವವರು ಕಲ್ಲುಕ್ವಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪರವಾನಗಿ ಪಡೆದು, ಅದರ ಷರತ್ತಿಗೆ ಒಳಪಟ್ಟು ನಡೆಯುವ ಕ್ವಾರಿ ‘ಲೀಗಲ್’. ಅದರ ಧೂಳು ಹೊಲದ ಮೇಲೆ ಕುಳಿತು ಬೆಳೆ ಸೊರಗಿದರೆ ರೈತ ಕೊಡುವ ದೂರು ‘ಲೆಜಿಟಿಮೇಟ್’. ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ಸುಳ್ಳಾಗದೆಂಬುದು ಹತ್ತು ವರ್ಷದ ಮಗುವಿಗೂ ಹೊಳೆಯುತ್ತದೆ.

ಕನ್ನಡ ಶಾಲೆಗಳ ವಿಷಯದಲ್ಲಂತೂ ಈ ಭೇದ ಮುಖ್ಯ. ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದ್ದು ಸಂಸತ್ತಿನ ಕಾಯ್ದೆಯ ಮೂಲಕ, ಅದು ‘ಲೀಗಲ್’. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಹೀಗಿರುವಾಗ ಕನ್ನಡ ಶಿಕ್ಷಕರ ನೇಮಕ ಕೋರುವ ಪೋಷಕರ ಇಂಗ್ಲಿಷ್ ಅರ್ಜಿಯಲ್ಲಿ ‘ಲೀಗಲ್ ಡಿಮಾಂಡ್’ ಎಂದು ಬರೆದರೆ ಅದು ವಕೀಲರ ನೋಟಿಸಿನಂತೆ ಕೇಳಿಸುತ್ತದೆ. ‘ಲೆಜಿಟಿಮೇಟ್ ಡಿಮಾಂಡ್’ ಎಂದರೆ ನ್ಯಾಯಯುತ ಬೇಡಿಕೆ. ಅರ್ಜಿದಾರರ ಮನಸ್ಸಿನಲ್ಲಿರುವುದೂ ಅದೇ.

ವಿರುದ್ಧಪದಗಳಲ್ಲಿ ‘ಇಲ್ಲಿಸಿಟ್’ ಎಂಬುದಕ್ಕೆ ಕಳ್ಳತನದ ವಾಸನೆಯಿದೆ: ‘ಇಲ್ಲಿಸಿಟ್ ಲಿಕ್ಕರ್’ ಎಂದರೆ ಕಳ್ಳಬಟ್ಟಿ. ‘ಇಲ್ಲೆಜಿಟಿಮೇಟ್’ ಪದವನ್ನು ಹಳೆಯ ಪುಸ್ತಕಗಳು ವಿವಾಹದ ಹೊರಗೆ ಹುಟ್ಟಿದ ಮಕ್ಕಳಿಗೆ ಅಂಟಿಸಿವೆ. ಆ ಅರ್ಥವನ್ನು ತಿಳಿಸಬೇಕಾದರೆ ತಿಳಿಸಬಹುದು, ಆದರೆ ವಾಕ್ಯರಚನೆಯ ಅಭ್ಯಾಸಕ್ಕೆ ಕೊಡಬಾರದು. ತರಗತಿಯಲ್ಲಿ ಯಾರ ಮನೆಯ ಕಥೆ ಏನಿದೆಯೋ!

ಅಭ್ಯಾಸಕ್ಕೆ ಒಂದು ಸನ್ನಿವೇಶ ಸಾಕು. ಶೇಂಗಾ ಕೀಳುವ ದಿನಗಳಲ್ಲಿ ಮನೆಯವರಿಗೆ ನೆರವಾಗಲು ಒಬ್ಬ ಬಾಲಕ ಎರಡು ದಿನ ಶಾಲೆಗೆ ಬರಲಿಲ್ಲ. ಅವನ ಕಾರಣ ‘ಲೆಜಿಟಿಮೇಟ್’ ಹೌದೋ ಅಲ್ಲವೋ? ಮಕ್ಕಳು ಮೊದಲು ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ ವಾದಿಸಲಿ; ಆಮೇಲೆ ಒಂದೊಂದು ಇಂಗ್ಲಿಷ್ ವಾಕ್ಯ ಬರೆಯಲಿ. ಶಿಕ್ಷಕರು ತಮ್ಮ ತೀರ್ಪನ್ನು ಕೊನೆಯವರೆಗೆ ತಡೆಹಿಡಿಯಬೇಕು.