ರಾಮಪತ್ರೆ ಜಡ್ಡಿ, ಅಡಿಕೆ ತೋಟ ಮತ್ತು ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳ ಕಣಿವೆಗಳಲ್ಲಿ ವರ್ಷವಿಡೀ ನೀರು ಜಿನುಗುವ ಕಿರಿದಾದ ಜೌಗು ಕಾಡುಗಳಿವೆ. ರಾಮಪತ್ರೆ ಜಡ್ಡಿ ಎಂದು ಕರೆಯಲ್ಪಡುವ ಈ ನೆಲೆಗಳಲ್ಲಿ ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳೇ ಪ್ರಧಾನ. ಕೆಸರಿನೊಳಗೆ ಗಾಳಿ ದೊರೆಯದ ಕಾರಣ ಇವು ಮಂಡಿಯಂತೆ ಬಾಗಿದ ಬೇರುಗಳನ್ನು ಮೇಲಕ್ಕೆತ್ತಿ ಉಸಿರಾಡುತ್ತವೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ದೊರೆತ ಒಂದು ಮರಕ್ಕೆ 2000ದಲ್ಲಿ ಆ ಸ್ಥಳದ ಹೆಸರಿನಿಂದಲೇ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ನಾಮಕರಣವಾಯಿತು. 2011ರಲ್ಲಿ ಈ ಭಾಗದ ಸುಮಾರು 300 ಚದರ ಕಿ.ಮೀ. ಅರಣ್ಯವು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು.

ಅಡಿಕೆಗೂ ಭತ್ತಕ್ಕೂ ಬೇಕಾದುದು ಇದೇ ನೆಲ. ತಲೆಮಾರುಗಳಿಂದ ಕಣಿವೆಯ ತಳವು ತೋಟವಾಗಿ, ಗದ್ದೆಯಾಗಿ ಮಾರ್ಪಟ್ಟು ಜಡ್ಡಿಗಳು ಚೂರುಚೂರಾಗಿ ಉಳಿದಿವೆ. ಇರುವ ತೋಟವನ್ನು ತೆಗೆಯಬೇಕೆಂಬ ವಾದಕ್ಕೆ ಅರ್ಥವಿಲ್ಲ. ಅದು ಕುಟುಂಬಗಳ ಅನ್ನ. ಪ್ರಶ್ನೆ ಇರುವುದು ತೋಟದ ಮೇಲ್ಭಾಗದ ಪಟ್ಟಿಯ ಕುರಿತು. ಅಲ್ಲಿ ಬಸಿಗಾಲುವೆ ತೋಡಿದರೆ ಮಳೆಗಾಲದ ನೀರು ನಿಲ್ಲದೆ ಹರಿದುಹೋಗುತ್ತದೆ, ಬೇಸಿಗೆಯ ಒರತೆ ಕ್ಷೀಣಿಸುತ್ತದೆ. ಮೊದಲು ಸಾಯುವುದು ಜಡ್ಡಿಯ ಮರವಾದರೂ, ಅನಂತರ ಬಾಯಾರುವುದು ಕೆಳಗಿನ ಅಡಿಕೆ. ಹೀಗಾಗಿ ಇಲ್ಲಿ ಕೃಷಿ ಹಾಗೂ ಕಾಡಿನ ಹಿತಗಳು ಹೊರನೋಟಕ್ಕೆ ಕಾಣುವಷ್ಟು ಬೇರೆಯಲ್ಲ.

ದಾಖಲೆಗಳು ಈ ಸಂಬಂಧವನ್ನು ತೋರಿಸುವುದಿಲ್ಲ. ಪಹಣಿಯಲ್ಲಿ ಜಡ್ಡಿಗೆಂದು ಅಂಕಣವಿಲ್ಲ. ಹಳ್ಳವು ಖರಾಬು, ಅಂದರೆ ಕೆಟ್ಟ ಭೂಮಿ! ಅಂದಾಜು ಪಟ್ಟಿಯಲ್ಲಿ ಅಗೆತದ ಘನಮೀಟರಿಗೆ ದರವುಂಟು, ಜಿನುಗುವ ನೀರಿಗಿಲ್ಲ. ಆದುದರಿಂದ ಸರ್ವೆ ನಂಬರನ್ನು ಬಿಟ್ಟು, ಒರತೆಯ ತಲೆಯಿಂದ ಕೊನೆಯ ತೋಟದವರೆಗಿನ ಇಡೀ ಕಣಿವೆಯನ್ನು ಯೋಜನೆಯ ಘಟಕವಾಗಿ ಪರಿಗಣಿಸುವುದು ಸೂಕ್ತ.

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಸ್ಥಳದ ಆಯ್ಕೆಯೇ ನಿರ್ಣಾಯಕ. ಜಡ್ಡಿಯ ಒಳಗೆ ಕಟ್ಟಿದ ಒಡ್ಡು ಮಂಡಿ ಬೇರುಗಳನ್ನು ಮುಳುಗಿಸಿ ಮರವನ್ನು ಉಸಿರುಗಟ್ಟಿಸುತ್ತದೆ. ಹೂಳೆತ್ತಿದರೆ ಬೇರುಗಳೇ ಕಿತ್ತುಬರುತ್ತವೆ. ಅದೇ ಕಿಂಡಿ ಅಣೆಕಟ್ಟನ್ನು ತೋಟದ ಕೆಳಗಿನ ಹಳ್ಳದಲ್ಲಿ ಕಟ್ಟಿದರೆ ಈ ಹಾನಿ ತಪ್ಪುತ್ತದೆ. ಕಣಿವೆ ದಾಟುವ ರಸ್ತೆಗೆ ಒಂದೇ ಕೊಳವೆ ಮೋರಿ ಹಾಕಿದರೆ ಮೇಲೆ ಕೆರೆ, ಕೆಳಗೆ ಒಣ ನೆಲ; ಹಲವು ಕಂಡಿಗಳಿಗೆ ತಗಲುವ ಹೆಚ್ಚುವರಿ ವೆಚ್ಚವನ್ನು ಅಂದಾಜಿನಲ್ಲೇ ಸೇರಿಸಿಕೊಳ್ಳಬೇಕು. ಅರಣ್ಯ ಭೂಮಿಯಾದಲ್ಲಿ, ಸೊಪ್ಪಿನ ಬೆಟ್ಟವೂ ಸೇರಿದಂತೆ, ಅರಣ್ಯ ಇಲಾಖೆಯ ಅನುಮತಿ ಮೊದಲು, ಕ್ರಿಯಾ ಯೋಜನೆ ಅನಂತರ.

ಹಾಳಾದ ಜಡ್ಡಿಯಲ್ಲಿ ಮರು ನೆಡುವಿಕೆ ಸಾಧ್ಯ, ಆದರೆ ಸಾಮಾನ್ಯ ನರ್ಸರಿಯ ಕ್ರಮ ಇಲ್ಲಿ ನಡೆಯದು. ಈ ಬೀಜಗಳು ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಸಂಗ್ರಹಿಸಿಟ್ಟು ಬಿತ್ತುವಂತಿಲ್ಲ, ಬಿದ್ದ ಕೂಡಲೇ ತೇವದಲ್ಲಿ ಊರಬೇಕು. ಕಾಡಿನಲ್ಲಿ ಇವುಗಳನ್ನು ಸಾಗಿಸುವ ಮಂಗಟ್ಟೆ ಹಕ್ಕಿ ಕೆಲಸವನ್ನು ತಡಮಾಡುವುದಿಲ್ಲ, ಟೆಂಡರು ಕರೆಯುವುದೂ ಇಲ್ಲ.

2002ರ ಜೀವವೈವಿಧ್ಯ ಅಧಿನಿಯಮದ 41ನೇ ಪ್ರಕರಣದಂತೆ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಪ್ರತಿ ಜಡ್ಡಿಯ ಸ್ಥಳ, ಬೇಸಿಗೆಯ ನೀರಿನ ಸ್ಥಿತಿ ಮತ್ತು ಅದನ್ನು ಅವಲಂಬಿಸಿದ ತೋಟಗಳನ್ನು ನಮೂದಿಸತಕ್ಕದ್ದು. ಈ ವಿವರಗಳನ್ನು ಏಪ್ರಿಲ್‌ನಲ್ಲಿ, ತೋಟದ ಮಾಲೀಕರೊಡನೆ ನಡೆದು ನೋಡಿಯೇ ಬರೆಯಬೇಕು. ಮಳೆಗಾಲದಲ್ಲಿ ಎಲ್ಲ ಕಣಿವೆಯೂ ಜಡ್ಡಿಯಂತೆಯೇ ಕಾಣುತ್ತದೆ.