ಕುರುಡಿ ಮರಿ ಬಿಡುವ ಮುನ್ನ ಹೊಳೆಯ ಉಪ್ಪು ಅಳೆಯಿರಿ

ಮಳೆ ಹಿಂದೆ ಸರಿಯುವ ಹೊತ್ತಿಗೆ ಕುಂದಾಪುರ, ಬೈಂದೂರು ಕಡೆಯ ಪಂಜರ ಕೃಷಿಕರಿಂದ ಮತ್ತೆ ಮತ್ತೆ ಬರುವ ದೂರು ಒಂದೇ: ಸಂಜೆ ಬಿಟ್ಟ ಕುರುಡಿ ಮರಿಗಳಲ್ಲಿ ಅರ್ಧಕ್ಕರ್ಧ ಬೆಳಗಾಗುವುದರೊಳಗೆ ಸತ್ತು ಬಲೆಯ ತಳ ಸೇರಿವೆ, ಹ್ಯಾಚರಿಯವರು ರೋಗದ ಮರಿ ಕೊಟ್ಟರು. ರೋಗ ಬಂದ ಮರಿ ಸಾಮಾನ್ಯವಾಗಿ ದಿನಕ್ಕಿಷ್ಟು ಎಂದು ಸಾಯುತ್ತದೆ. ಒಂದೇ ರಾತ್ರಿಯಲ್ಲಿ ಬಲೆ ಖಾಲಿಯಾದರೆ ಮೊದಲು ನೀರಿನ ಮೇಲೆ ಸಂಶಯಪಡಿ.

ಕುರುಡಿ ಉಪ್ಪು ನೀರಿನಲ್ಲೂ ಚಪ್ಪೆ ನೀರಿನಲ್ಲೂ ಬದುಕುವ ಮೀನು ಎಂಬುದು ನಿಜ. ಆ ಮಾತನ್ನೇ ನಂಬಿ ಮರಿ ಕಳೆದುಕೊಳ್ಳುವವರು ಹೆಚ್ಚು. ಅದು ಮೊಟ್ಟೆಯಿಡುವುದು ಅಳಿವೆ ಬಾಯಿಯ ಆಸುಪಾಸಿನ ಕಡಲಲ್ಲಿ, 28ರಿಂದ 35 ಪಿಪಿಟಿ (ಸಾವಿರ ಪಾಲಿಗೆ ಇಷ್ಟು ಪಾಲು) ಉಪ್ಪಿರುವ ನೀರಿನಲ್ಲಿ. ಒಡೆದು ಹೊರಬಂದ ಮರಿ ವಾರಗಟ್ಟಲೆ ಸಮಯ ತೆಗೆದುಕೊಂಡು, ಭರತದ ಜೊತೆ ಹೊಳೆಯೊಳಗೆ, ಕಾಂಡ್ಲಾ ಗಿಡಗಳ ಬುಡಕ್ಕೆ ಬರುತ್ತದೆ. ನೀವು ಹ್ಯಾಚರಿಯಿಂದ ಬಂದ ಚೀಲದ ಬಾಯಿ ಬಿಚ್ಚಿ ಅದೇ ಬದಲಾವಣೆಯನ್ನು ಒಂದು ನಿಮಿಷದಲ್ಲಿ ಮಾಡಿಬಿಡುತ್ತೀರಿ. 25 ಪಿಪಿಟಿ ನೀರಿನಲ್ಲಿ ಪ್ಯಾಕಾದ ಮರಿ 6 ಪಿಪಿಟಿ ಹೊಳೆಗೆ ಬಿದ್ದರೆ ಅದರ ಮೈಯೊಳಗಿನ ಉಪ್ಪಿನ ಹದವೇ ತಪ್ಪುತ್ತದೆ. ಇದಕ್ಕಿಂತ ಹೆಚ್ಚಿನ ಶಾಸ್ತ್ರ ಇಲ್ಲಿ ಬೇಡ.

ಅಳೆದೇ ಬಿಟ್ಟೆವು ಎನ್ನುವವರು ದಡದಲ್ಲಿ ನಿಂತು ಒಂದು ಹನಿ ನೀರು ರಿಫ್ರಾಕ್ಟೋಮೀಟರಿಗೆ ಹಾಕಿ ಮುಗಿಸಿರುತ್ತಾರೆ. ಅದು ಸಾಲದು. ಮಳೆ ನೀರು ಹಗುರ, ಮೇಲೆ ನಿಲ್ಲುತ್ತದೆ. ಉಪ್ಪು ನೀರು ಅದರ ಅಡಿಗೆ ಸೇರುತ್ತದೆ. ಪಂಜರದ ಬಳಿಯೇ, ಮೇಲ್ಮೈಯಲ್ಲೊಮ್ಮೆ, ಒಂದು ಮೀಟರ್ ಆಳದಲ್ಲೊಮ್ಮೆ, ಭರತದಲ್ಲೂ ಇಳಿತದಲ್ಲೂ ಅಳೆಯಿರಿ. ಮರಿಯ ಬಲೆ ಆಳವಿಲ್ಲದ್ದು, ಹಾಗಾಗಿ ಸಿಕ್ಕ ಅತಿ ಕಡಿಮೆ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದು 5ಕ್ಕಿಂತ ಕೆಳಗಿದ್ದರೆ ಮರಿ ತರಿಸದೆ ಕಾಯಿರಿ. ಇದ್ದ ಅಂಕಿಯನ್ನು ವಾರದ ಮೊದಲೇ ಹ್ಯಾಚರಿಗೆ ತಿಳಿಸಿದರೆ ಅಲ್ಲಿಯೇ ಸಾಧ್ಯವಾದಷ್ಟು ಇಳಿಸಿ ಕಳಿಸುತ್ತಾರೆ.

ಚೀಲ ಬಂದ ಮೇಲೆ ಬಾಯಿ ಬಿಚ್ಚದೆ 20ರಿಂದ 30 ನಿಮಿಷ ನೆರಳಿನಲ್ಲಿ ನೀರಿನ ಮೇಲೆ ತೇಲಿಬಿಡಿ, ಬಿಸಿ ಸಮವಾಗಲಿ. ಅಷ್ಟರೊಳಗೆ 500 ಲೀಟರ್ ಟ್ಯಾಂಕಿನಲ್ಲಿ ಚೀಲದಷ್ಟೇ ಉಪ್ಪಿನ ನೀರು ಸಿದ್ಧವಿರಬೇಕು. ಕಡಲ ನೀರು 33, ಹೊಳೆ ನೀರು 6 ಇದ್ದರೆ 350 ಲೀಟರ್ ಕಡಲ ನೀರಿಗೆ 150 ಲೀಟರ್ ಹೊಳೆ ನೀರು ಬೆರೆಸಿದರೆ ಸುಮಾರು 25 ಆಗುತ್ತದೆ. ಚೀಲ ಬಿಚ್ಚಿದೊಡನೆ ಮರಿಯನ್ನು ಇದಕ್ಕೆ ದಾಟಿಸಿ. ಬಿಚ್ಚಿದ ಚೀಲದಲ್ಲೇ ಬಿಟ್ಟು ಚಹಾ ಕುಡಿಯಲು ಹೋಗಬೇಡಿ: ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ನೀರಿನ ಪಿಎಚ್ ಏರಿ, ಅದೇ ಚೀಲದ ಅಮೋನಿಯಾ ವಿಷವಾಗುತ್ತದೆ. ಒಂದು ಟ್ಯಾಂಕಿಗೆ ಸಾವಿರ ಮರಿ ಮೀರದಿರಲಿ, ಏರೇಟರ್ ನಿಲ್ಲದಿರಲಿ. ಇನ್ನು ಗಂಟೆಗೊಮ್ಮೆ 80 ಲೀಟರ್ ತೆಗೆದು ಅಷ್ಟೇ ಹೊಳೆ ನೀರು ಹಾಕಿ. ಮೊದಲ ಗಂಟೆ 3 ಪಿಪಿಟಿ ಇಳಿಯುತ್ತದೆ, ಆಮೇಲೆ ಇಳಿಕೆ ತಾನಾಗಿ ನಿಧಾನವಾಗುತ್ತದೆ. ಹತ್ತು ಗಂಟೆಯಲ್ಲಿ ಹೊಳೆಗೂ ಟ್ಯಾಂಕಿಗೂ ವ್ಯತ್ಯಾಸ 3ರ ಸುಮಾರಿಗೆ ಬರುತ್ತದೆ. ಸಂಜೆ ಶುರು ಮಾಡಿದರೆ ಬೆಳಗಿನ ತಂಪಿನಲ್ಲಿ, ಭರತ ನೋಡಿಕೊಂಡು ಬಿಡಬಹುದು. ಒಂದು ರಾತ್ರಿ ನಿದ್ದೆಗೆಡಲಾರದವರು ಸಾವಿರಾರು ರೂಪಾಯಿಯ ಮರಿ ತರಿಸುವುದೇಕೆ?

ಸತ್ತ ಮೇಲೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಪಂಜರಕ್ಕೆ ಸುರಿಯುವುದನ್ನಂತೂ ನಿಲ್ಲಿಸಿ. ಒಂದು ಇಳಿತಕ್ಕೆ ಅದು ಕೊಚ್ಚಿಹೋಗುತ್ತದೆ. ಉಪ್ಪಿನ ಏರುಪೇರಿಗೆ ಅದು ಮದ್ದೂ ಅಲ್ಲ.

 

ಇನ್ನು ಮರಿಯ ಬಲೆಗೆ ಎಷ್ಟು ಬಿಡಬೇಕೆಂಬ ಲೆಕ್ಕ: ಒಂದರಿಂದ ಎರಡೂವರೆ ಸೆಂಟಿಮೀಟರ್ ಮರಿಯಾದರೆ ಚದರ ಮೀಟರಿಗೆ 80ರಿಂದ 100 ಸಾಕು. ಸಣ್ಣಗೆ ಕೊಚ್ಚಿದ ತಾಜಾ ಮೀನನ್ನು ಮೊದಲ ವಾರ ಮರಿಗಳ ಒಟ್ಟು ತೂಕದಷ್ಟೇ, ಎರಡನೇ ವಾರ ಅದರ 60 ಶೇಕಡಾ, ಮೂರನೇ ವಾರ 40 ಶೇಕಡಾ ಕೊಡಿ. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ. ವಾರಕ್ಕೊಮ್ಮೆಯಾದರೂ ದೊಡ್ಡದು ಸಣ್ಣದು ಬೇರೆ ಮಾಡಿ. ಕುರುಡಿ ತನ್ನ ಮೈಯ ಅರ್ಧಕ್ಕಿಂತ ಉದ್ದದ ತಮ್ಮನನ್ನೂ ನುಂಗುತ್ತದೆ, ಆ ನಷ್ಟಕ್ಕೆ ಹೆಣವೂ ಸಿಗುವುದಿಲ್ಲ. ಹತ್ತು ಸೆಂಟಿಮೀಟರಿಗೆ ಬಂದವನ್ನು ದೊಡ್ಡ ಪಂಜರಕ್ಕೆ, ಘನ ಮೀಟರಿಗೆ 40ರಿಂದ 50ರಂತೆ, ದಾಟಿಸಿ.