ಬಿಲ್ಲು, ಬೇಟೆನಾಯಿ ಮತ್ತು ಬೆಟ್ಟದ ಸಿಂಹ

ಕಳೆದ ಬೇಸಗೆಯ ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ ನಮ್ಮ ಕೊಟ್ಟಿಗೆಯ ಕರುವೊಂದನ್ನು ಚಿರತೆ ಹೊತ್ತೊಯ್ದಿತು. ಬೆಳಗ್ಗೆ ಅಜ್ಜಿ ಹರಿದ ಹಗ್ಗದ ತುಂಡನ್ನು ಹಿಡಿದುಕೊಂಡು ಹಿತ್ತಲಿನಲ್ಲಿ ಮಾತಿಲ್ಲದೆ ಕುಳಿತಿದ್ದುದನ್ನು ಕಂಡು ನನಗೆ ತಡೆಯಲಾರದಷ್ಟು ಸಿಟ್ಟು ಬಂದಿತು. ಆ ಪ್ರಾಣಿಯನ್ನು ಕೊಂದೇ ಹಾಕಬೇಕೆಂದು ಊರಿನ ಎಲ್ಲರಿಗಿಂತ ಗಟ್ಟಿಯಾಗಿ ಕೂಗಾಡಿದವರಲ್ಲಿ ನಾನೇ ಮೊದಲು. ಕಾಲೇಜಿಗೆ ಮರಳಿದ ಮೇಲೆ ಈ ಸಂಗತಿಯನ್ನು ನಮ್ಮ ಅಧ್ಯಾಪಕರೊಬ್ಬರಲ್ಲಿ ಹೇಳಿದೆ. ಅವರು ವಾದ ಮಾಡಲಿಲ್ಲ. ಆಲ್ಡೊ ಲಿಯೊಪಾಲ್ಡ್ ಎಂಬ ಅಮೆರಿಕದ ಅರಣ್ಯಾಧಿಕಾರಿಯ ಪುಸ್ತಕವೊಂದನ್ನು ಗ್ರಂಥಾಲಯದಿಂದ ತೆಗೆಸಿಕೊಟ್ಟು, “ಇದನ್ನು ಓದು, ಆಮೇಲೆ ಮಾತಾಡೋಣ” ಎಂದರು. ಆ ಓದು ನನ್ನನ್ನು ದೂರದ ದೇಶದ ಒಂದು ವಿಚಿತ್ರವಾದ ಬೇಟೆಯ ಅಭ್ಯಾಸಕ್ಕೆ ಎಳೆದುಕೊಂಡು ಹೋಯಿತು. ನಾನು ಬಿಲ್ಲು ಹಿಡಿದವನಲ್ಲ, ಆ ದೇಶವನ್ನು ಕಂಡವನೂ ಅಲ್ಲ. ಓದಿ ತಿಳಿದುದನ್ನು ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಎಂಬ ರಾಜ್ಯಗಳಿವೆ. ಅರಿಜೋನದ ದಕ್ಷಿಣಕ್ಕೆ ಸೊನೋರನ್ ಮರುಭೂಮಿ. ಅಲ್ಲಿ ಎರಡು ಆಳಿಗಿಂತಲೂ ಎತ್ತರ ಬೆಳೆಯುವ ಸಗ್ವಾರೊ ಕಳ್ಳಿಗಳು ಕಂಬಗಳಂತೆ ನಿಂತಿರುತ್ತವೆ. ಅದೇ ರಾಜ್ಯದ ಉತ್ತರಕ್ಕೆ ಹೋದರೆ ಪೈನ್ ಮರಗಳ ಕಾಡು, ಗ್ರ್ಯಾಂಡ್ ಕ್ಯಾನಿಯನ್ ಕಮರಿ, ಅದರ ಆಚೆ ಚಳಿಗಾಲದಲ್ಲಿ ಹಿಮ ಬೀಳುವ ಕೈಬಾಬ್ ಪ್ರಸ್ಥಭೂಮಿ. ಈ ಕಳ್ಳಿಯ ಬಯಲಿಗೂ ಆ ಹಿಮದ ಬೆಟ್ಟಕ್ಕೂ ಸಮಾನನಾದ ಒಡೆಯನೆಂದರೆ ಪ್ಯೂಮ ಎಂಬ ದೊಡ್ಡ ಬೆಕ್ಕು. ಅಲ್ಲಿಯ ಜನ ಇದನ್ನು ‘ಬೆಟ್ಟದ ಸಿಂಹ’ ಎಂದು ಕರೆಯುತ್ತಾರೆ. ಹೆಸರು ಸಿಂಹವಾದರೂ ಇದಕ್ಕೆ ಕೇಸರವಿಲ್ಲ, ಗರ್ಜಿಸಲೂ ಬಾರದು; ಮನೆಯ ಬೆಕ್ಕಿನಂತೆ ಗುರುಗುಟ್ಟುತ್ತದೆ. ಉತ್ತರದಲ್ಲಿ ಕೆನಡದಿಂದ ದಕ್ಷಿಣದಲ್ಲಿ ಚಿಲಿ ದೇಶದ ತುದಿಯವರೆಗೂ ಈ ಪ್ರಾಣಿ ಹರಡಿಕೊಂಡಿದೆ. ಇದರ ಮುಖ್ಯ ಆಹಾರ ಜಿಂಕೆ. ತಿಂದು ಉಳಿದುದನ್ನು ತರಗೆಲೆ, ಮಣ್ಣು ಮುಚ್ಚಿ ಬಚ್ಚಿಟ್ಟು, ಮತ್ತೆ ಬಂದು ತಿನ್ನುವುದು ಇದರ ಅಭ್ಯಾಸ.

ಈ ಪ್ರಾಣಿಯನ್ನು ಬಿಲ್ಲುಬಾಣಗಳಿಂದ ಬೇಟೆಯಾಡುವವರು ಇಂದಿಗೂ ಅಲ್ಲಿದ್ದಾರೆ. ಬಂದೂಕು ಸುಲಭವಾಗಿ ಸಿಕ್ಕುವ ನಾಡಿನಲ್ಲಿ ಬಿಲ್ಲಿನ ಹಟವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೊಂದು ಇತಿಹಾಸವುಂಟು. ೧೯೧೧ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನ ಬಳಿ ಯಾಹಿ ಎಂಬ ಮೂಲನಿವಾಸಿ ಜನಾಂಗದ ಕೊನೆಯ ವ್ಯಕ್ತಿ ಹಸಿದು ಬಳಲಿ ಕಾಡಿನಿಂದ ಹೊರಬಂದನು. ಅವನ ಜನರೆಲ್ಲ ಬಿಳಿಯರ ದಾಳಿಯಿಂದಲೂ ರೋಗರುಜಿನಗಳಿಂದಲೂ ಅಳಿದುಹೋಗಿದ್ದರು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಸಂಪ್ರದಾಯದಲ್ಲಿ ನಿಷಿದ್ಧವಾದುದರಿಂದ ವಿದ್ವಾಂಸರು ಅವನನ್ನು ಇಷಿ ಎಂದು ಕರೆದರು. ಆ ಮಾತಿಗೆ ಅವನ ಭಾಷೆಯಲ್ಲಿ ಮನುಷ್ಯ ಎಂದರ್ಥ. ಇಷಿಯ ಆರೋಗ್ಯವನ್ನು ನೋಡಿಕೊಳ್ಳುತ್ತಿದ್ದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಗೆಳೆಯನಾಗಿ, ಬಿಲ್ಲು ಮಾಡುವುದನ್ನೂ ಬಾಣ ಹೂಡುವುದನ್ನೂ ಅವನಿಂದಲೇ ಕಲಿತನು. ೧೯೧೬ರಲ್ಲಿ ಇಷಿ ಕ್ಷಯರೋಗದಿಂದ ತೀರಿಕೊಂಡನು. ಪೋಪನು ತನ್ನ ಸಂಗಡಿಗ ಆರ್ಥರ್ ಯಂಗ್‌ನೊಡನೆ ಆ ವಿದ್ಯೆಯನ್ನು ಮುಂದುವರಿಸಿ ೧೯೨೩ರಲ್ಲಿ ಅದನ್ನು ಕುರಿತ ಒಂದು ಪುಸ್ತಕವನ್ನು ಪ್ರಕಟಿಸಿದನು. ಇವರಿಬ್ಬರ ಹೆಸರಿನಲ್ಲಿಯೇ ಬಿಲ್ಲುಬೇಟೆಗಾರರ ಸಂಘವೊಂದು ೧೯೬೧ರಲ್ಲಿ ಸ್ಥಾಪನೆಯಾಯಿತು. ನಾಡಿನ ಮೂಲನಿವಾಸಿಗಳನ್ನು ಅಳಿಸಿದ ಜನ, ಅವರ ಕೊನೆಯವನ ಕೈಯಿಂದ ವಿದ್ಯೆಯನ್ನು ಭಿಕ್ಷೆಯಾಗಿ ಪಡೆದರೆಂಬುದನ್ನು ಮರೆಯುವಂತಿಲ್ಲ.

ಬಿಲ್ಲಿನ ಸ್ವಭಾವವನ್ನು ತಿಳಿಯದೆ ಈ ಬೇಟೆಯ ಸ್ವರೂಪ ತಿಳಿಯದು. ಬಂದೂಕಿನ ಗುಂಡು ನೂರಾರು ಗಜ ದೂರದಿಂದ ಕೊಲ್ಲಬಲ್ಲದು. ಬಾಣದ ಬೇಟೆಗಾರನಾದರೋ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. ಗುಂಡು ಬಡಿತದಿಂದಲೂ ಕೆಡಹುತ್ತದೆ. ಬಾಣದ ಅಲಗು ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಅದು ಹೆಗಲಿನ ಹಿಂದೆ ಎದೆಗೂಡನ್ನು ಹೊಕ್ಕು ಎರಡು ಶ್ವಾಸಕೋಶಗಳನ್ನೂ ಭೇದಿಸಿದರೆ ಪ್ರಾಣಿ ಬೇಗ ಸಾಯುತ್ತದೆ. ನಾಲ್ಕು ಬೆರಳು ಅತ್ತಿತ್ತ ಆದರೆ ಗಾಯಗೊಂಡು ಬಹಳ ಹೊತ್ತು ನರಳುತ್ತದೆ. ಮಿಸ್ಸೂರಿಯ ಹಾಲಿಸ್ ವಿಲ್ಬರ್ ಅಲೆನ್ ಎಂಬಾತನು ೧೯೬೦ರ ದಶಕದಲ್ಲಿ ಬಿಲ್ಲಿನ ತುದಿಗಳಿಗೆ ಗಾಲಿಗಳನ್ನು ಜೋಡಿಸಿ ಹೊಸ ಬಗೆಯ ಬಿಲ್ಲನ್ನು ಕಂಡುಹಿಡಿದು, ೧೯೬೯ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಇದರಲ್ಲಿ ಹೆದೆಯನ್ನು ಪೂರ್ತಿ ಎಳೆದಾಗ ಕೈಯ ಮೇಲಿನ ಭಾರ ಇಳಿದುಹೋಗುತ್ತದೆ. ಅರುವತ್ತು ಪೌಂಡಿನ ಬಿಲ್ಲು ನೂರಕ್ಕೆ ಎಪ್ಪತ್ತೈದರಷ್ಟು ಭಾರವನ್ನು ಇಳಿಸುವಂತಹುದಾದರೆ, ಹೆದೆಯನ್ನು ಹಿಡಿದು ನಿಲ್ಲಲು ಹದಿನೈದು ಪೌಂಡಿನ ಬಲ ಸಾಕು. ಆದುದರಿಂದ ಗುರಿ ನೋಡಲು ಸಮಯ ಸಿಕ್ಕುತ್ತದೆ. ಆದರೆ ಹತ್ತಿರ ಹೋಗಬೇಕೆಂಬ ನಿಯಮವನ್ನು ಗಾಲಿಯ ಬಿಲ್ಲೂ ತಪ್ಪಿಸಲಾರದು.

ಹತ್ತಿರ ಹೋಗುವುದು ಹೇಗೆ? ಮನುಷ್ಯನ ಸುಳಿವು ಸಿಕ್ಕಿದೊಡನೆ ಮರೆಯಾಗುವ ಪ್ರಾಣಿಯಿದು. ಅದರ ನಾಡಿನಲ್ಲಿಯೇ ಹುಟ್ಟಿ ಬೆಳೆದು, ಒಮ್ಮೆಯೂ ಅದನ್ನು ಕಾಣದೆ ಸತ್ತವರು ಎಷ್ಟೋ ಜನ. ಇಲ್ಲಿಯೇ ಮಾರ್ಗದರ್ಶಿಯ ಪಾತ್ರ ಬರುವುದು. ಇವನು ಹಣ ಪಡೆದು ಬೇಟೆಗಾರನನ್ನು ಕರೆದೊಯ್ಯುವವನು. ಪರವಾನಗಿ ಪಡೆದ ಕಸುಬುದಾರ. ಇವನ ಆಸ್ತಿಯೆಂದರೆ ಮೂಗಿನ ಬಲವುಳ್ಳ ನಾಲ್ಕಾರು ಬೇಟೆನಾಯಿಗಳು, ಕಲ್ಲುಬಂಡೆಯ ಮೇಲೆ ಕಾಲು ತಪ್ಪದ ಹೇಸರಗತ್ತೆಗಳು ಮತ್ತು ನೆಲವನ್ನು ಓದುವ ಕಣ್ಣು. ಬೆಕ್ಕಿನ ಜಾತಿಯ ಹೆಜ್ಜೆಯಲ್ಲಿ ಉಗುರಿನ ಗುರುತಿರುವುದಿಲ್ಲ, ನಾಯಿ ತೋಳಗಳ ಹೆಜ್ಜೆಯಲ್ಲಿ ಇರುತ್ತದೆ. ಪ್ಯೂಮದ ಅಂಗಾಲಿನ ಮೆತ್ತೆಯ ಹಿಂಬದಿ ಮೂರು ಉಬ್ಬುಗಳಾಗಿ ಮೂಡುತ್ತದೆ. ಅದರ ಅಗಲವನ್ನು ನೋಡಿ ಗಂಡೋ ಹೆಣ್ಣೋ ಎಂದು ಅನುಭವಿಯಾದವನು ಊಹಿಸುತ್ತಾನೆ. ಗಂಡು ಪ್ರಾಣಿ ತನ್ನ ಗಡಿಯನ್ನು ಸಾರಲು ಹಿಂಗಾಲಿನಿಂದ ಮಣ್ಣನ್ನು ಕೆರೆದು ಗುಡ್ಡೆ ಮಾಡಿ ಮೂತ್ರ ಬಿಡುತ್ತದೆ. ಮಾರ್ಗದರ್ಶಿಗೆ ಇದೆಲ್ಲ ಬರೆದಿಟ್ಟ ಕಾಗದದಂತೆ.

ಹಿಮದ ಬೆಟ್ಟದಲ್ಲಿ ಈ ಕೆಲಸ ಒಂದಿಷ್ಟು ಸುಲಭ. ರಾತ್ರಿ ಹೊಸ ಹಿಮ ಬಿದ್ದರೆ ಬೆಳಗಿನ ಹೆಜ್ಜೆ ಸ್ಪಷ್ಟವಾಗಿ ಕಾಣುತ್ತದೆ. ಮರುಭೂಮಿಯಲ್ಲಿ ಹಾಗಲ್ಲ. ಕಲ್ಲಿನ ಮೇಲೆ ಹೆಜ್ಜೆ ಮೂಡದು. ಬಿಸಿಲು ಏರಿದಂತೆ ವಾಸನೆಯೂ ಆರಿಹೋಗುತ್ತದೆ. ಆದುದರಿಂದ ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಹಳಸಿದ ವಾಸನೆಯನ್ನೂ ಹಿಡಿಯಬಲ್ಲ ಮುದಿನಾಯಿಯೊಂದು ಬಂಡೆಬಂಡೆಯನ್ನು ಮೂಸುತ್ತ ಜಾಡನ್ನು ಬಿಡಿಸುತ್ತದೆ. ಎಷ್ಟೋ ದಿನ ಜಾಡು ಕಡಿದುಹೋಗಿ ಬರಿಗೈಯಲ್ಲಿ ಮರಳುವುದುಂಟು. ಜಾಡು ಹೊಸದಾದಂತೆ ನಾಯಿಗಳ ಕೂಗು ಬದಲಾಗುತ್ತದೆ. ಪ್ಯೂಮ ಚಿಕ್ಕ ಓಟಕ್ಕೆ ವೀರ; ದೂರದ ಓಟಕ್ಕೆ ಅದರ ಉಸಿರು ಸಾಲದು. ಬೆನ್ನಟ್ಟಿದ ನಾಯಿಗಳಿಂದ ಪಾರಾಗಲು ಅದು ಮರವನ್ನೋ ಬಂಡೆಯ ಚಾಚನ್ನೋ ಏರಿ ನಿಲ್ಲುತ್ತದೆ. ಈಗ ನಾಯಿಯ ಕೊರಳಪಟ್ಟಿಯಲ್ಲಿ ಉಪಗ್ರಹದ ನೆರವಿನಿಂದ ಇರುವ ಜಾಗ ತಿಳಿಸುವ ಯಂತ್ರವನ್ನು ಕಟ್ಟುತ್ತಾರಾದುದರಿಂದ ಹುಡುಕುವ ಶ್ರಮವೂ ಕಡಿಮೆಯಾಗಿದೆ.

ಬೇಟೆಗಾರನು ಏದುಸಿರು ಬಿಡುತ್ತ ಮರದ ಬುಡಕ್ಕೆ ಬರುತ್ತಾನೆ. ಮೇಲೆ, ಹತ್ತಿಪ್ಪತ್ತು ಗಜದೊಳಗೆ, ಪ್ರಾಣಿ ಕೆಳಗೆ ನೋಡುತ್ತಿರುತ್ತದೆ. ಒಳ್ಳೆಯ ಮಾರ್ಗದರ್ಶಿ ಮೊದಲು ಮಾಡುವ ಕೆಲಸ ನಾಯಿಗಳನ್ನು ಹಿಂದಕ್ಕೆ ಕಟ್ಟುವುದು. ಗಾಯಗೊಂಡ ಪ್ರಾಣಿ ನಾಯಿಗಳ ನಡುವೆ ಬಿದ್ದರೆ ಅವುಗಳ ಗತಿ ಹೇಳತೀರದು. ಎರಡನೆಯ ಕೆಲಸ ನೋಡುವುದು. ಗಂಡೋ ಹೆಣ್ಣೋ? ಹೆಣ್ಣಾದರೆ ಮರಿಗಳಿವೆಯೇ? ಮರಿಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ತಾಯಿಯ ಆಶ್ರಯದಲ್ಲಿರುತ್ತವೆ. ತಾಯಿ ಸತ್ತರೆ ಚಿಕ್ಕ ಮರಿಗಳು ಹಸಿವಿನಿಂದ ಸಾಯುತ್ತವೆ. ಮೈಮೇಲೆ ಚುಕ್ಕೆಯಿರುವ ಮರಿಗಳೊಡನಿರುವ ತಾಯಿಯನ್ನು ಕೊಲ್ಲುವುದು ಅರಿಜೋನದಲ್ಲಿ ಕಾನೂನಿಗೆ ವಿರುದ್ಧ. ಹೀಗೆ ನೋಡಿದ ಮೇಲೆ “ಬೇಡ” ಎಂದು ನಾಯಿಗಳನ್ನು ಎಳೆದುಕೊಂಡು ಹೊರಟುಹೋಗುವ ಅವಕಾಶವೂ ಅಲ್ಲಿಯೇ ಇದೆ. ಅಷ್ಟು ಹಣ ತೆತ್ತು ಬಂದವನಿಗೆ ಈ ಮಾತನ್ನು ಹೇಳುವುದು ಮಾರ್ಗದರ್ಶಿಗೆ ಸುಲಭವಲ್ಲ. ಅವನ ಯೋಗ್ಯತೆ ತಿಳಿಯುವುದು ಆ ಗಳಿಗೆಯಲ್ಲಿ.

ಇದನ್ನು ಬೇಟೆಯೆನ್ನಬಹುದೇ ಎಂದು ಆಕ್ಷೇಪಿಸುವವರು ಆ ದೇಶದಲ್ಲಿಯೇ ಬಹಳ ಮಂದಿ ಇದ್ದಾರೆ. ಮರವೇರಿ ನಿಂತ ಪ್ರಾಣಿಗೆ ಪಾರಾಗುವ ದಾರಿಯೆಲ್ಲಿ, ಕಷ್ಟಪಟ್ಟವು ನಾಯಿಗಳು, ಕೀರ್ತಿ ಬಿಲ್ಲುಗಾರನಿಗೆ, ಎಂಬುದು ಅವರ ವಾದ. ಹೆಣ್ಣುಗಂಡುಗಳನ್ನು ಗುರುತಿಸಿ ಬಿಡಬೇಕಾದುದನ್ನು ಬಿಡುವ ಅನುಕೂಲ ಈ ಕ್ರಮದಲ್ಲಿ ಮಾತ್ರ ಇದೆಯೆಂಬುದು ಬೇಟೆಗಾರರ ಉತ್ತರ. ಎರಡರಲ್ಲಿಯೂ ಸತ್ಯಾಂಶವಿದೆಯೆಂದು ನನಗೆ ತೋರುತ್ತದೆ. ಜನರ ತೀರ್ಪೂ ಒಂದೇ ಆಗಿಲ್ಲ. ಕ್ಯಾಲಿಫೋರ್ನಿಯದ ಮತದಾರರು ೧೯೯೦ರಲ್ಲಿ ಈ ಪ್ರಾಣಿಯ ಬೇಟೆಯನ್ನು ನಿಷೇಧಿಸಿದರು. ೨೦೨೩ರಲ್ಲಿ ಯೂಟಾ ರಾಜ್ಯ ವರ್ಷವಿಡೀ ಬೇಟೆಗೆ ಅವಕಾಶ ಕೊಟ್ಟಿತು. ೨೦೨೪ರಲ್ಲಿ ಕೊಲರಾಡೊ ರಾಜ್ಯದ ಮತದಾರರು ನಿಷೇಧದ ಸೂಚನೆಯನ್ನು ತಿರಸ್ಕರಿಸಿದರು.

ಆದರೆ ಹಿಂದೆ ಇಂತಹ ವಿಚಾರಣೆಯೇ ಇರಲಿಲ್ಲ. ದನಕುರಿಗಳನ್ನೂ ಜಿಂಕೆಗಳನ್ನೂ ಉಳಿಸಬೇಕಾದರೆ ಹಿಂಸ್ರಪ್ರಾಣಿಗಳನ್ನು ನಿರ್ಮೂಲ ಮಾಡಬೇಕೆಂಬುದೇ ಸರ್ಕಾರದ ನೀತಿ. ೧೯೦೬ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೈಬಾಬ್ ಪ್ರದೇಶವನ್ನು ಜಿಂಕೆಗಳ ರಕ್ಷಿತ ಪ್ರದೇಶವನ್ನಾಗಿ ಮಾಡಿದನು. ಜಿಂಕೆಗಳ ಬೇಟೆ ನಿಂತಿತು. ಪ್ಯೂಮ, ತೋಳಗಳ ಸಂಹಾರ ನಡೆಯಿತು. ೧೯೧೩ರಲ್ಲಿ ಸ್ವತಃ ರೂಸ್‌ವೆಲ್ಟನೇ ಮಕ್ಕಳೊಡನೆ ಬಂದು, ಜಿಮ್ ಓವೆನ್ಸ್ ಎಂಬ ಮಾರ್ಗದರ್ಶಿಯ ನಾಯಿಗಳೊಂದಿಗೆ ಅಲ್ಲಿ ಪ್ಯೂಮ ಬೇಟೆಯಾಡಿದನು. ಜಿಂಕೆಗಳು ಮಿತಿಮೀರಿ ಹೆಚ್ಚಿ, ಕೈಗೆಟುಕಿದ ಚಿಗುರನ್ನೆಲ್ಲ ತಿಂದು, ೧೯೨೪ರಿಂದಾಚೆಯ ಚಳಿಗಾಲಗಳಲ್ಲಿ ಸಾವಿರಗಟ್ಟಲೆ ಹಸಿವಿನಿಂದ ಸತ್ತವು. ಈ ಕಥೆಯನ್ನು ೧೯೭೦ರಲ್ಲಿ ಗ್ರೇಮ್ ಕಾಗ್ಲಿ ಎಂಬ ವಿಜ್ಞಾನಿ ಪ್ರಶ್ನಿಸಿದನು. ಲೆಕ್ಕಗಳು ನಂಬಲರ್ಹವಲ್ಲ, ಮೇವಿಗೆ ಸ್ಪರ್ಧಿಸುತ್ತಿದ್ದ ಕುರಿದನಗಳು ಕಡಿಮೆಯಾದುದೂ ಕಾರಣವಿರಬಹುದು ಎಂದು ಅವನ ವಾದ. ಮುಂದೆ ೨೦೦೬ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಪೆನ್ ಮರಗಳ ವಯಸ್ಸನ್ನು ಪರೀಕ್ಷಿಸಿ, ಜಿಂಕೆಗಳು ಹೆಚ್ಚಿದ್ದ ಆ ಕಾಲದಲ್ಲಿ ಹುಟ್ಟಿ ಉಳಿದ ಮರಗಳು ಬಹಳ ಕಡಿಮೆಯೆಂದು ತೋರಿಸಿತು. ಕಾರಣ ಒಂದೇ ಅಲ್ಲದಿರಬಹುದು. ಆದರೆ ಬೆಟ್ಟದ ಮೇಲಿನ ಸಸಿಗಳನ್ನು ಜಿಂಕೆಗಳು ಬೋಳಿಸಿದ್ದುದು ಮರಗಳಲ್ಲಿಯೇ ದಾಖಲಾಗಿ ಉಳಿದಿದೆ.

ನಮ್ಮ ಅಧ್ಯಾಪಕರು ಕೊಟ್ಟ ಪುಸ್ತಕದ ಲಿಯೊಪಾಲ್ಡನೂ ಮೊದಲು ಈ ನೀತಿಯ ಉತ್ಸಾಹಿಯೇ. ೧೯೦೯ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅರಿಜೋನದ ಕಾಡಿಗೆ ಕೆಲಸಕ್ಕೆ ಬಂದ ಅವನು ಒಂದು ದಿನ ಎತ್ತರದ ಬಂಡೆಯ ಅಂಚಿನಲ್ಲಿ ಊಟ ಮಾಡುತ್ತಿದ್ದಾಗ ಕೆಳಗೆ ಹೊಳೆ ದಾಟಿ ಬಂದ ತಾಯಿತೋಳವನ್ನೂ ಅದರ ಬೆಳೆದ ಮರಿಗಳನ್ನೂ ಕಂಡನು. ಅವನೂ ಜೊತೆಗಾರರೂ ಮೇಲಿನಿಂದ ಗುಂಡುಗಳನ್ನು ಸುರಿಸಿದರು. ಇಳಿದು ಹತ್ತಿರ ಬಂದಾಗ ಮುದಿ ತೋಳದ ಕಣ್ಣಿನ ಹಸುರು ಬೆಳಕು ಆರಿಹೋಗುತ್ತಿತ್ತು. ಅಂದು ಕಂಡುದರ ಅರ್ಥ ಅವನಿಗೆ ಪೂರ್ಣವಾಗಿ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು. ೧೯೨೦ರ ಸುಮಾರಿಗೂ ಅವನು ನಿರ್ಮೂಲನದ ಪರವಾಗಿಯೇ ಮಾತಾಡುತ್ತಿದ್ದನು. ಮುಂದೆ ಅವನು ತಾನೇ ಬಿಲ್ಲುಗಳನ್ನು ಕೆತ್ತಿ ಬಿಲ್ಲುಬೇಟೆಯನ್ನು ಅಭ್ಯಾಸ ಮಾಡಿದನೆಂಬುದು ಗಮನಾರ್ಹ. ೧೯೪೮ರಲ್ಲಿ ನೆರೆಯವರ ಹೊಲದ ಬೆಂಕಿಯನ್ನು ಆರಿಸುತ್ತಿದ್ದಾಗ ತೀರಿಕೊಂಡ ಅವನ ಪುಸ್ತಕ ಮರುವರ್ಷ ಹೊರಬಂದಿತು. ಅವನು ಕಾಲಿಟ್ಟಿದ್ದ ಆ ಸೀಮೆಯಿಂದ ಅಳಿದುಹೋಗಿದ್ದ ಮೆಕ್ಸಿಕೊ ತಳಿಯ ತೋಳಗಳನ್ನು ೧೯೯೮ರಲ್ಲಿ ಮತ್ತೆ ತಂದು ಬಿಟ್ಟರು. ಪ್ಯೂಮವನ್ನು ೧೯೭೦ರಲ್ಲಿ ಅರಿಜೋನ ರಾಜ್ಯ ನಿಯಮಕ್ಕೊಳಪಟ್ಟ ಬೇಟೆಯ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಇವೆಲ್ಲವನ್ನೂ ಓದಿ ಮುಗಿಸಿದಾಗ ಒಂದು ವಿಷಯ ನನ್ನ ಮನಸ್ಸಿನಲ್ಲಿ ನಿಂತಿತು. ಲಿಯೊಪಾಲ್ಡನು ಮೊದಲು ಹೊಡೆದನು, ಆಮೇಲೆ ನೋಡಿದನು. ಬಿಲ್ಲುಗಾರನು ಹೊಡೆಯುವ ಮೊದಲೇ ನೋಡಬೇಕಾಗುತ್ತದೆ. ಬಿಲ್ಲಿನ ಬೇಟೆಯಲ್ಲಿ ಮೆಚ್ಚುವಂತಹುದೇನಾದರೂ ಇದ್ದರೆ ಅದು ಬಾಣ ಬಿಡುವ ಗಳಿಗೆಯಲ್ಲಿಲ್ಲ, ಅದಕ್ಕೆ ಮುಂಚಿನ ಆ ನೋಟದಲ್ಲಿದೆ. ದೂರದ ಕಚೇರಿಯಲ್ಲಿ ಕುಳಿತು ಪ್ರಾಣಿಗಳ ತಲೆಗೆ ಬೆಲೆ ಕಟ್ಟಿದವರಿಗೆ ಆ ನೋಟ ದೊರಕಿರಲಿಲ್ಲ. ಊರಿನ ಚಾವಡಿಯಲ್ಲಿ ನಿಂತು ಕೂಗಿದ ನನಗೂ ದೊರಕಿರಲಿಲ್ಲ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವಾದ ಮೇಲೆ ಚಿರತೆಯ ಬೇಟೆ ಅಪರಾಧ. ಆದುದರಿಂದ ಬಿಲ್ಲಾಗಲಿ ಬಂದೂಕಾಗಲಿ ನಮ್ಮ ಪಾಲಿಗೆ ಉತ್ತರವಲ್ಲ. ನೋಡುವುದಕ್ಕೆ ಮಾತ್ರ ಯಾವ ಶಾಸನವೂ ಅಡ್ಡಿಯಿಲ್ಲ.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ತಂದೆಯವರ ಜೊತೆಯಲ್ಲಿ ಕೊಟ್ಟಿಗೆಯನ್ನು ಸುತ್ತಿ ನೋಡಿದೆ. ಹಿಂದಿನ ಬಾಗಿಲಿನ ಒಂದು ಹಲಗೆ ಕಳಚಿ ಎಷ್ಟು ಕಾಲವಾಗಿತ್ತೋ! ಒಳಗೆ ಬರುವ ದಾರಿಯನ್ನು ಚಿರತೆಗೆ ನಾವೇ ತೆರೆದಿಟ್ಟಿದ್ದೆವು. ಈಗ ಅಲ್ಲಿಗೆ ಕಬ್ಬಿಣದ ಸರಳಿನ ಬಾಗಿಲು ಬಂದಿದೆ. ಅಜ್ಜಿಯ ದುಃಖ ಅದರಿಂದ ತೀರಲಿಲ್ಲ, ನಿಜ. “ಹೋದ ಕರು ಬರ್ತದೇನಪ್ಪ?” ಎಂದು ಅವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮಳೆ ಬಿದ್ದ ಮರುದಿನ ಹಿತ್ತಲಿನ ಕೆಸರಿನಲ್ಲಿ ಉಗುರಿನ ಗುರುತಿಲ್ಲದ ದುಂಡನೆಯ ಹೆಜ್ಜೆಯೊಂದನ್ನು ನಾನೇ ಅವರಿಗೆ ತೋರಿಸಿದೆ. ಅದು ಕೊಟ್ಟಿಗೆಯವರೆಗೂ ಬಂದು, ಬಾಗಿಲಿನ ಮುಂದೆ ನಿಂತು, ಬಂದ ದಾರಿಯಲ್ಲಿಯೇ ಬೆಟ್ಟಕ್ಕೆ ಮರಳಿತ್ತು.